ಷಟರಿನ ಗುಂಡಿಯೂ ಛಾಯಾಗ್ರಾಹಕನ ಬೆರಳೂ

ಚರಿತ್ರೆಯ ಅಧ್ಯಯನದಲ್ಲಿ ಛಾಯಾಚಿತ್ರವನ್ನು ಆಧಾರವಾಗಿ ಬಳಸುವವರು ಅದು ಯಾವ ಕಾಲದ್ದು, ಯಾರು ತೆಗೆದದ್ದು, ಯಾವ ಉದ್ದೇಶದಿಂದ ತೆಗೆದದ್ದು ಎಂಬ ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಅದನ್ನು ತೆಗೆದ ಕೈ ಅಲುಗಿತೇ, ಇಲ್ಲವೇ ಎಂದು ಕೇಳುವವರು ವಿರಳ. ಆದರೆ ಶಾಸನದ ಒಂದು ಅಕ್ಷರ ಓದಲು ಬರುವುದೂ ಬಾರದಿರುವುದೂ ಎಷ್ಟೋ ಸಲ ಈ ಅಲುಗಾಟವನ್ನೇ ಅವಲಂಬಿಸಿರುತ್ತದೆ. ಆದಕಾರಣ ಕ್ಯಾಮೆರಾದ ಗುಂಡಿಯನ್ನೂ ಅದನ್ನು ಒತ್ತುವ ಬೆರಳನ್ನೂ ಕುರಿತು, ವಿಶೇಷವಾಗಿ 'ಸಾಫ್ಟ್ ರಿಲೀಸ್' ಎಂದು ಕರೆಯಲ್ಪಡುವ ಒಂದು ಅತಿ ಚಿಕ್ಕ ಉಪಕರಣವನ್ನು ಕುರಿತು, ಇಲ್ಲಿ ಕೆಲವು ಮಾತುಗಳನ್ನು ಬರೆಯಲು ಉದ್ದೇಶಿಸಿದ್ದೇನೆ. ವಿಷಯವು ಅಲ್ಪವೆಂದು ತೋರಬಹುದು. ನನಗೆ ಅದು ಅಲ್ಪವಾಗಿ ಉಳಿಯದುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ ಕ್ಯಾಮೆರಾಗಳಲ್ಲಿ ಗುಂಡಿಯೇ ಇರಲಿಲ್ಲ. ಕನ್ನಡನಾಡಿನ ಸ್ಮಾರಕಗಳ ಅತ್ಯಂತ ಹಳೆಯ ಛಾಯಾಚಿತ್ರಗಳು ಆ ಕಾಲಕ್ಕೆ ಸೇರಿದವು. ಮದರಾಸಿನ ಸೈನ್ಯಕ್ಕೆ ಸೇರಿದ್ದ ಲಿನೇಯಸ್ ಟ್ರೈಪ್ ೧೮೫೪ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಚಿತ್ರ ತೆಗೆದು ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಇರಿಸಿದನು. ೧೮೫೫ರಲ್ಲಿ ಮುಂಬಯಿ ಸರ್ಕಾರವು ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳಿಗಾಗಿ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವನ ತರುವಾಯ ಆ ಕೆಲಸ ವೈದ್ಯನಾದ ಪಿಗೌನ ಪಾಲಿಗೆ ಬಂದಿತು. ಇವರಿಬ್ಬರ ಮತ್ತು ನೀಲ್ ಎಂಬ ಮತ್ತೊಬ್ಬ ವೈದ್ಯನ ಚಿತ್ರಗಳೇ ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು; ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅದಕ್ಕೆ ಬರಹವನ್ನು ಒದಗಿಸಿದರು. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದಿರುವುವು ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರ ಸುಮಾರಿಗೆ ಹಂಪೆಯಲ್ಲಿ ತೆಗೆದ ಚಿತ್ರಗಳು. ಮೇಣ ಸವರಿದ ಕಾಗದವೇ ಅವನ ನೆಗೆಟಿವ್. ಒಂದೊಂದೂ ಹದಿನಾರು ಹದಿನೆಂಟು ಅಂಗುಲಗಳಷ್ಟು ದೊಡ್ಡದು. ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ಗಡಿಯಾರ ನೋಡುತ್ತ ನಿಮಿಷಗಟ್ಟಲೆ ಕಾದು, ಮತ್ತೆ ಮುಚ್ಚುವುದು ಆಗಿನ ಕ್ರಮ. ಅಷ್ಟು ದೀರ್ಘಕಾಲದಲ್ಲಿ ಮುಚ್ಚಳ ತೆಗೆಯುವಾಗಿನ ಒಂದು ಕ್ಷಣದ ಕಂಪನಕ್ಕೆ ಬೆಲೆಯೇ ಇರಲಿಲ್ಲ. ಈ ನೆಗೆಟಿವ್‌ಗಳು ದೀರ್ಘಕಾಲ ಮರೆಯಲ್ಲಿದ್ದು ಬೆಳಕಿಗೆ ಬಂದ ಬಳಿಕ, ೧೯೮೩ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಡುವೆ ಯಾವ ಕಂಬ ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ ಎಂಬುದನ್ನು ಎಣಿಸಿ ಹೇಳಬಹುದು. ಗ್ರೀನ್‌ಲಾನ ಚಿತ್ರಗಳು ಮಸುಕಾಗಿದ್ದಿದ್ದರೆ ಈ ಹೋಲಿಕೆಯೇ ಸಾಧ್ಯವಾಗುತ್ತಿರಲಿಲ್ಲ.

ಗುಂಡಿಯ ಅಗತ್ಯವುಂಟಾದುದು ರಾಸಾಯನಿಕಗಳ ಚುರುಕಿನಿಂದ. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಜಿಲೆಟಿನ್ ಲೇಪದ ಒಣ ಫಲಕವನ್ನು ಸೂಚಿಸಿದನು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅದು ಎಷ್ಟು ಸುಧಾರಿಸಿತೆಂದರೆ, ಒಂದು ಸೆಕೆಂಡಿನ ಅಲ್ಪಭಾಗದ ಬೆಳಕೇ ಸಾಕಾಯಿತು. ಅಷ್ಟು ಬೇಗ ಮುಚ್ಚಳವನ್ನು ತೆಗೆದು ಹಾಕುವುದು ಮನುಷ್ಯನ ಕೈಗೆ ಅಳವಲ್ಲ. ಯಂತ್ರದ ಷಟರ್ ಹೀಗೆ ಬಂದಿತು. ೧೮೮೮ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭವಾದ ಥಾರ್ನ್‌ಟನ್–ಪಿಕಾರ್ಡ್ ಸಂಸ್ಥೆಯ ಷಟರುಗಳಲ್ಲಿ ಸುರುಳಿ ಸುತ್ತಿದ ಬಟ್ಟೆಯ ಪರದೆಯೊಂದು ಮಸೂರದ ಮುಂದೆ ಹಾಯ್ದು ಹೋಗುತ್ತಿತ್ತು. ಅದನ್ನು ಬಿಡಿಸುತ್ತಿದ್ದುದು ಉದ್ದನೆಯ ಕೊಳವೆಯ ತುದಿಗಿದ್ದ ರಬ್ಬರಿನ ಬುರುಡೆ. ಬುರುಡೆಯನ್ನು ಹಿಸುಕಿದಾಗ ಗಾಳಿಯ ಒತ್ತಡವು ಷಟರನ್ನು ಬಿಡಿಸುತ್ತದೆ; ಕೈ ಕ್ಯಾಮೆರಾವನ್ನು ಮುಟ್ಟುವುದೇ ಇಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಕುಟುಂಬವನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆಯುತ್ತಿದ್ದವರು ಕ್ಯಾಮೆರಾದ ಪಕ್ಕದಲ್ಲಿ ನಿಂತು, ಮಗುವಿನ ಗಮನವನ್ನು ಒಂದು ಕೈಯಿಂದ ಸೆಳೆಯುತ್ತ ಮತ್ತೊಂದರಿಂದ ಬುರುಡೆ ಹಿಸುಕುತ್ತಿದ್ದರು. ಆಂಗ್ಲ ಭಾಷೆಯಲ್ಲಿ ಅದಕ್ಕೆ ಬಲ್ಬ್ ಎಂಬ ಹೆಸರಿದ್ದುದರಿಂದ, ಬುರುಡೆ ಮಾಯವಾಗಿ ಎಷ್ಟೋ ಕಾಲವಾದ ಮೇಲೂ ಕ್ಯಾಮೆರಾದ ವೇಗಸೂಚಿಯ ಮೇಲೆ 'ಬಿ' ಎಂಬ ಅಕ್ಷರ ಉಳಿದುಕೊಂಡಿದೆ. ಗುಂಡಿಯನ್ನು ಒತ್ತಿರುವಷ್ಟು ಕಾಲವೂ ಷಟರ್ ತೆರೆದಿರುತ್ತದೆ ಎಂಬುದು ಅದರ ಅರ್ಥ.

ಬುರುಡೆಯ ಸ್ಥಾನವನ್ನು ಕ್ರಮೇಣ ಕೇಬಲ್ ರಿಲೀಸ್ ಆಕ್ರಮಿಸಿತು. ೧೮೯೬ರಲ್ಲಿ ಬೌಡನ್ ಎಂಬಾತನು ಪೇಟೆಂಟು ಪಡೆದ, ಬಾಗುವ ಕವಚದೊಳಗೆ ಸರಿದಾಡುವ ತಂತಿಯೇ ಇದಕ್ಕೆ ಮೂಲ. ಸೈಕಲ್ಲಿನ ಬ್ರೇಕಿಗೂ ಅದೇ ಮೂಲ. ತಂತಿಯ ತುದಿಯನ್ನು ಸಿಕ್ಕಿಸಲು ಷಟರಿನ ಗುಂಡಿಯ ನಡುವೆ ಕಿರಿದಾಗುತ್ತ ಹೋಗುವ ಒಂದು ತಿರುಪಿನ ಕುಳಿಯನ್ನು ಕೊರೆಯುವುದು ವಾಡಿಕೆಯಾಯಿತು. ನಮ್ಮ ಸಾಫ್ಟ್ ರಿಲೀಸ್ ಗುಂಡಿಯು ಈ ಕುಳಿಯ ಬಾಡಿಗೆದಾರನೇ ಹೊರತು ತನ್ನದೇ ಆದ ಮನೆಯನ್ನು ಪಡೆದುದಲ್ಲ.

ಕ್ಯಾಮೆರಾ ಟ್ರೈಪಾಡಿನ ಮೇಲಿದ್ದಾಗ ಕೇಬಲ್ಲಿಗೆ ಸಮಾನವಾದುದಿಲ್ಲ. ಆದರೆ ೧೯೨೫ರಲ್ಲಿ ಲೈಪ್ಸಿಗ್ ನಗರದ ಜಾತ್ರೆಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ ಪ್ರದರ್ಶಿತವಾದ ಬಳಿಕ ಛಾಯಾಗ್ರಾಹಕನು ಟ್ರೈಪಾಡನ್ನು ಮನೆಯಲ್ಲೇ ಬಿಟ್ಟು ಬೀದಿಗಿಳಿದನು. ಹಿಡಿಯುವ ಕೈಯೇ ಒತ್ತುವ ಕೈಯೂ ಆಯಿತು. ಗುಂಡಿಯನ್ನು ಬೆರಳ ತುದಿಯಿಂದ ಚುಚ್ಚಿದಂತೆ ಒತ್ತಿದರೆ ಕ್ಯಾಮೆರಾದ ಬಲಮಗ್ಗುಲು ಕೆಳಕ್ಕೆ ಕುಸಿಯುತ್ತದೆ. ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಇದು ತಿಳಿಯದು. ಹದಿನೈದನೆಯ ಒಂದು ಭಾಗದಲ್ಲಿ ಚಿತ್ರವನ್ನು ಕೆಡಿಸುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಮಸೂರದ ಸಂಗಮದೂರ ಐವತ್ತು ಮಿಲಿಮೀಟರಾದರೆ ಐವತ್ತನೆಯ ಒಂದು ಸೆಕೆಂಡಿಗಿಂತ ನಿಧಾನಿಸಬಾರದು ಎಂಬ ರೂಢಿಯ ಸೂತ್ರ ಹುಟ್ಟಿದುದು ಈ ಅನುಭವದಿಂದಲೇ.

ಈ ಸೂತ್ರವನ್ನು ಮೀರಲು ಬಯಸಿದವರ ಸಾಧನವೇ ಸಾಫ್ಟ್ ರಿಲೀಸ್. ಅದು ಹಿತ್ತಾಳೆ ಅಥವಾ ಅಲ್ಯೂಮಿನಿಯಂನ, ಅಂಗಿಯ ಗುಂಡಿಯಷ್ಟಗಲದ ಒಂದು ಬಿಲ್ಲೆ. ಕೆಳಗೆ ಸಣ್ಣ ತಿರುಪು. ಮೇಲ್ಮೈ ಒಂದೋ ತಗ್ಗಾಗಿ ಇಲ್ಲವೇ ಉಬ್ಬಾಗಿ ಇರುತ್ತದೆ. ನಿಕಾನ್ ಸಂಸ್ಥೆಯು ೧೯೫೯ರ ತನ್ನ ಎಫ್ ಮಾದರಿಗೂ ಅದರ ತರುವಾಯದ ಎಫ್-೨ಕ್ಕೂ ಹೊಂದುವ ಎಆರ್-೧ ಎಂಬ ಇಂತಹ ಬಿಲ್ಲೆಯನ್ನು ಮಾರುತ್ತಿತ್ತು. ಆ ಕ್ಯಾಮೆರಾಗಳ ತಿರುಪು ಗುಂಡಿಯ ಒಳಗಿರದೆ ಸುತ್ತಲೂ ಇದ್ದುದರಿಂದ ಅದರ ಆಕಾರ ಸ್ವಲ್ಪ ಬೇರೆ.

ಇದು ಕೆಲಸ ಮಾಡುವ ಬಗೆಯನ್ನು ಕುರಿತು ತಪ್ಪು ತಿಳುವಳಿಕೆ ಬಹಳವಾಗಿದೆ. ಹೆಸರು 'ಸಾಫ್ಟ್' ಎಂದಿದ್ದರೂ ಷಟರಿನ ಸ್ಪ್ರಿಂಗನ್ನು ಇದು ಎಳ್ಳಷ್ಟೂ ಮೃದುಗೊಳಿಸುವುದಿಲ್ಲ. ಬೇಕಾಗುವ ಒತ್ತಡವೂ ಗುಂಡಿ ಇಳಿಯುವ ದೂರವೂ ಮೊದಲಿನಷ್ಟೇ. ಬದಲಾಗುವುದು ಬೆರಳು. ಬಿಲ್ಲೆಯು ಗುಂಡಿಯನ್ನು ಎತ್ತರಿಸಿ ಅಗಲಗೊಳಿಸುವುದರಿಂದ ಬೆರಳ ತುದಿಯ ಬದಲು ಮೊದಲ ಗೆಣ್ಣಿನ ಒಳಮಗ್ಗುಲನ್ನು ಅದರ ಮೇಲೆ ಚಪ್ಪಟೆಯಾಗಿ ಇರಿಸಬಹುದು. ತುದಿಯು ಕ್ಯಾಮೆರಾದ ಮೈಯ ಮೇಲೆಯೇ ಒರಗಿರುತ್ತದೆ. ಆಗ ಒತ್ತುವುದೆಂದರೆ ಚುಚ್ಚುವುದಲ್ಲ, ಬೆರಳನ್ನು ಮೆಲ್ಲನೆ ಮಡಿಸುವುದು. ವೀಣೆಯ ತಂತಿಯನ್ನು ಒತ್ತುವ ಬೆರಳಿಗೂ ಕರೆಗಂಟೆಯನ್ನು ಒತ್ತುವ ಬೆರಳಿಗೂ ಇರುವ ಭೇದವನ್ನು ನೆನೆದರೆ ವಿಷಯ ಸ್ಪಷ್ಟವಾದೀತು. ಈ ಅಭ್ಯಾಸವಿಲ್ಲದೆ ಬಿಲ್ಲೆಯನ್ನು ಮಾತ್ರ ಕೊಂಡು ತಂದವರಿಗೆ ಅದರಿಂದ ಅಲಂಕಾರವಲ್ಲದೆ ಬೇರೆ ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ. ದೋಷಗಳೂ ಇವೆ. ಚೀಲದೊಳಗೆ ಬಿಲ್ಲೆ ಒತ್ತಿಹೋಗಿ ಫಿಲ್ಮು ವ್ಯರ್ಥವಾಗುತ್ತದೆ. ತಿರುಪು ಸಡಿಲಿ ಬಿಲ್ಲೆ ಕಳೆದುಹೋಗುವುದಂತೂ ನಿತ್ಯದ ಸಂಗತಿ. ಅದಕ್ಕಾಗಿ ಅದರ ಬುಡಕ್ಕೆ ರಬ್ಬರಿನ ಸಣ್ಣ ಉಂಗುರವನ್ನು ತೊಡಿಸುವುದುಂಟು. ಅರ್ಧ ಒತ್ತಿದಾಗ ನಾಭಿಯನ್ನು ಹೊಂದಿಸಿಕೊಳ್ಳುವ ಇತ್ತೀಚಿನ ಕ್ಯಾಮೆರಾಗಳಲ್ಲಿ ಅರ್ಧವೆಲ್ಲಿ ಮುಗಿಯಿತು, ಪೂರ್ಣವೆಲ್ಲಿ ತೊಡಗಿತು ಎಂಬುದು ಬಿಲ್ಲೆಯ ಮೇಲಿನಿಂದ ಅಷ್ಟಾಗಿ ತಿಳಿಯುವುದಿಲ್ಲ.

ಕರ್ನಾಟಕದ ಛಾಯಾಗ್ರಹಣದಲ್ಲಿ ಗುಂಡಿಯ ಈ ಎರಡು ಸಂಪ್ರದಾಯಗಳೂ ಉನ್ನತಿಗೇರಿದವು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭), ಸಂಡೂರಿನ ಎಂ. ವೈ. ಘೋರ್ಪಡೆ (೧೯೩೧–೨೦೧೧) ಮೊದಲಾದ ವನ್ಯಜೀವಿ ಛಾಯಾಗ್ರಾಹಕರ ತಲೆಮಾರಿನಲ್ಲಿ ಭಾರವಾದ ಮಸೂರ, ಮರೆಯ ಗೂಡು, ಗಂಟೆಗಟ್ಟಲೆ ಕಾಯುವಿಕೆ ಇವೆಲ್ಲ ಸಾಮಾನ್ಯವಾಗಿದ್ದವು. ಅದು ಟ್ರೈಪಾಡಿನ ಮತ್ತು ಕೇಬಲ್ಲಿನ ಲೋಕ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ೧೯೪೮ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿ, ಮುಂದೆ ಸ್ವತಂತ್ರವಾಗಿ ದುಡಿದು, ೧೯೭೭ರಲ್ಲಿ ಪದ್ಮಶ್ರೀ ಪಡೆದವರು. ಅವರದು ಸಾಮಾನ್ಯ ಜನರ ನಡುವೆ ಕೈಯಲ್ಲಿ ಹಿಡಿದ ಕ್ಯಾಮೆರಾದ ಲೋಕ. ಬೆರಳನ್ನೇ ತೊರೆದ ಮೂರನೆಯ ಮಾರ್ಗವೊಂದಿದೆ. ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರದ ಕಾಡುಗಳಲ್ಲಿ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿ ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿ, ೧೯೨೭ರಲ್ಲಿ ಅದನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದನು. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮೆರಾಗಳಿಂದ ಹುಲಿಗಳ ಪಟ್ಟೆಗಳನ್ನು ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ೧೯೯೫ರಲ್ಲಿ ಪ್ರಕಟಿಸಿದಾಗ ಆ ಹಳೆಯ ಉಪಾಯ ವಿಜ್ಞಾನವಾಯಿತು.

೧೯೮೦ರ ದಶಕದಿಂದೀಚೆಗೆ ವಿದ್ಯುನ್ಮಾನ ಕ್ಯಾಮೆರಾಗಳು ಹೆಚ್ಚಿದಂತೆ ಗುಂಡಿಯ ಕುಳಿ ಬಹುಮಟ್ಟಿಗೆ ಮರೆಯಾಯಿತು. ೨೦೧೧ರಲ್ಲಿ ಮಾರುಕಟ್ಟೆಗೆ ಬಂದ ಫ್ಯೂಜಿಫಿಲ್ಮ್ ಎಕ್ಸ್-೧೦೦ ಹಳೆಯ ರೂಪವನ್ನು ಅನುಸರಿಸಿ ಆ ಕುಳಿಯನ್ನೂ ಉಳಿಸಿಕೊಂಡಿತು. ಅದರೊಡನೆ ಬಿಲ್ಲೆಯ ವ್ಯಾಪಾರವೂ ಮತ್ತೆ ಚಿಗುರಿತು.

ಇನ್ನು ಶಾಸನದ ಮಾತು. ಸವೆದ ಕಲ್ಲಿನ ಅಕ್ಷರಗಳು ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಮುಂಜಾನೆಯ ಅಥವಾ ಸಂಜೆಯ ಓರೆಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋದಾಗ ಮಾತ್ರ ಒಂದೊಂದು ಗೀರಿನಲ್ಲೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಆದರೆ ಆ ಹೊತ್ತಿನ ಬೆಳಕು ಕಡಮೆ. ಬೆಳಕು ಕಡಮೆಯಾದರೆ ಷಟರ್ ನಿಧಾನವಾಗಬೇಕು. ಷಟರ್ ನಿಧಾನವಾದರೆ ಕೈ ಅಲುಗುತ್ತದೆ. ಓದಲು ಅನುಕೂಲವಾದ ಹೊತ್ತೇ ಚಿತ್ರ ತೆಗೆಯಲು ಪ್ರತಿಕೂಲವಾದುದು ಕ್ಷೇತ್ರಕಾರ್ಯದ ಒಂದು ವಿಪರ್ಯಾಸ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಮಾಗಡಿಯ ಕಡೆಯ ಒಂದು ಹಳ್ಳಿಗೆ ಹೋಗಿದ್ದಾಗ ಕೆರೆಯ ಏರಿಯಲ್ಲಿ ಅರ್ಧ ಹೂತಿದ್ದ ವೀರಗಲ್ಲೊಂದು ಕಣ್ಣಿಗೆ ಬಿದ್ದಿತು. ಮೇಲಿನ ಪಟ್ಟಿಕೆಯಲ್ಲಿ ಎರಡು ಸಾಲು ಬರಹವಿತ್ತು. ಹೊತ್ತು ಮುಳುಗುತ್ತಿತ್ತು. ಅಚ್ಚು ತೆಗೆಯುವ ಕಾಗದವೂ ಮಸಿಯೂ ಬೇರೊಂದು ಊರಿನಲ್ಲಿ ಮುಗಿದುಹೋಗಿದ್ದವು. ಟ್ರೈಪಾಡನ್ನು ಭಾರವೆಂದು ನಾನೇ ಬಸ್ಸಿನಲ್ಲಿ ಬಿಟ್ಟು ಬಂದಿದ್ದೆ. ಹದಿನೈದನೆಯ ಒಂದು ಸೆಕೆಂಡಿನಲ್ಲಿ ಮೂರು ಚಿತ್ರಗಳನ್ನು ತೆಗೆದು, ಮುಂದಿನ ಸಲ ಸಿದ್ಧರಾಗಿ ಬರೋಣವೆಂದು ಹಿಂತಿರುಗಿದೆವು. ಮಳೆಗಾಲ ಕಳೆದು ಮತ್ತೆ ಹೋದಾಗ ಏರಿಯ ದುರಸ್ತಿ ನಡೆದಿತ್ತು, ಕಲ್ಲು ಇರಲಿಲ್ಲ. ತೂಬಿನ ಕೆಳಗೆ ಸೇರಿರಬಹುದೆಂದು ಒಬ್ಬರು, ಲಾರಿಯಲ್ಲಿ ಹೋಯಿತೆಂದು ಇನ್ನೊಬ್ಬರು ಹೇಳಿದರು. ರೈಸ್ ಅವರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದುದನ್ನೂ, ಅವುಗಳಲ್ಲಿ ಎಷ್ಟೋ ಕಲ್ಲುಗಳು ಇಂದು ಸ್ಥಳದಲ್ಲಿ ಇಲ್ಲದಿರುವುದನ್ನೂ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಕ್ರಿ. ಶ. ೭೫೦ರ ಸುಮಾರಿನ ಹೆಬ್ಬಾಳದ ಕಿತ್ತಯ್ಯನ ಶಾಸನವು ೨೦೧೮ರಲ್ಲಿ ನಗರದೊಳಗೇ ದೊರೆತುದು ನಮ್ಮ ಭಾಗ್ಯವೆನ್ನಬೇಕು.

ನಾನು ವಾಸಿಸುವ ಮೂಡಲಪಾಳ್ಯದಲ್ಲಿ ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡುವ ವೃದ್ಧರೊಬ್ಬರಿದ್ದಾರೆ. ಮೂರು ನೆಗೆಟಿವ್‌ಗಳನ್ನೂ ಅವರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಮೇಷ್ಟ್ರೇ, ಮೂರೂ ಒಂದೇ ಕಡೆಗೆ ಎಳೆದಿದೆ. ಇದು ಕೈನಡುಕ ಅಲ್ಲ, ನೀವು ಗುಂಡಿ ಒತ್ತೋ ರೀತಿ" ಎಂದರು. ಅಕ್ಷರಗಳು ಮೂರರಲ್ಲೂ ಮೇಲಿನಿಂದ ಕೆಳಕ್ಕೆ ಜಗ್ಗಿದ್ದವು. ಡಬ್ಬಿಯೊಂದನ್ನು ತಡಕಿ ಹಿತ್ತಾಳೆಯ ಬಿಲ್ಲೆಯನ್ನು ತೆಗೆದು ನನ್ನ ಕ್ಯಾಮೆರಾಕ್ಕೆ ತಿರುಪಿಕೊಟ್ಟರು. ಫಿಲ್ಮು ಹಾಕದೆ ದಿನವೂ ಒಂದಷ್ಟು ಸಲ ಒತ್ತಿ ಬೆರಳನ್ನು ಪಳಗಿಸಬೇಕೆಂದರು. ಜೊತೆಗೆ, ಕಲ್ಲಿನ ಚಿತ್ರಕ್ಕೆ ಇದನ್ನೇ ನಂಬಬೇಡಿ, ಟ್ರೈಪಾಡ್ ಇಲ್ಲದಿದ್ದರೆ ಕ್ಯಾಮೆರಾದ ತಳದ ತಿರುಪಿಗೆ ಒಂದು ಹುರಿಯನ್ನು ಕಟ್ಟಿ, ಅದರ ತುದಿಯನ್ನು ಕಾಲಿನಿಂದ ಮೆಟ್ಟಿ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ ಎಂದೂ ಹೇಳಿದರು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು. ಮನೆಯ ಗೋಡೆಗೆ ಪತ್ರಿಕೆಯ ಹಾಳೆಯನ್ನು ಅಂಟಿಸಿ ಸಂಜೆಯ ಬೆಳಕಿನಲ್ಲಿ ಪರೀಕ್ಷಿಸಿದಾಗ, ಬಿಲ್ಲೆಯಿಂದ ಮುಪ್ಪತ್ತನೆಯ ಒಂದು ಸೆಕೆಂಡಿನಲ್ಲಿ ಸಣ್ಣ ಅಕ್ಷರಗಳೂ ನಿಂತವು; ಹದಿನೈದರಲ್ಲಿ ಕೆಲವು ನಿಂತವು, ಕೆಲವು ನಿಲ್ಲಲಿಲ್ಲ; ಹುರಿಯನ್ನೂ ಸೇರಿಸಿದಾಗ ಬಹುತೇಕ ನಿಂತವು. ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ಕನ್ನಡಿ ಮೇಲೇಳುವಾಗಿನ ಪೆಟ್ಟನ್ನು ಮಾತ್ರ ಯಾವ ಬಿಲ್ಲೆಯೂ ತಡೆಯಲಾರದು.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅಲ್ಲಿ ಬೆಳಕಿನ ಓರೆಯನ್ನು ಮನೆಯಲ್ಲಿ ಕುಳಿತೇ ಬದಲಾಯಿಸಬಹುದು. ಆದರೆ ಸ್ಕ್ಯಾನರು ಬರುವ ಮೊದಲೇ ಹೋದ ಕಲ್ಲುಗಳಿಗೆ ಹಳೆಯ ಅಚ್ಚುಗಳೂ ಛಾಯಾಚಿತ್ರಗಳೂ ಅಲ್ಲದೆ ಬೇರೆ ಗತಿಯಿಲ್ಲ.

ಆ ಮೂರು ನೆಗೆಟಿವ್‌ಗಳನ್ನು ಒಂದರ ಮೇಲೊಂದು ಇಟ್ಟು ಹಲವು ಸಲ ನೋಡಿದ್ದೇನೆ. ಮೊದಲ ಸಾಲಿನ ಆರಂಭದ 'ಸ್ವಸ್ತಿ ಶ್ರೀ' ನಿಸ್ಸಂದೇಹವಾಗಿ ಓದಲು ಬರುತ್ತದೆ. ಅದು ಎಷ್ಟೋ ಶಾಸನಗಳಲ್ಲಿ ಇರುವಂಥದು. ಎರಡನೆಯ ಸಾಲಿನ ಕೊನೆಯಲ್ಲಿ 'ಸತ್ತ' ಎಂಬುದು ಉಂಟೆಂದು ತೋರುತ್ತದೆ. ನಡುವೆ, ಸತ್ತವನ ಹೆಸರು ಇರಬೇಕಾದ ಕಡೆಯಲ್ಲಿ, ಐದು ಅಥವಾ ಆರು ಅಕ್ಷರಗಳು ಒಂದರೊಳಗೊಂದು ಇಳಿದುಹೋಗಿವೆ.