ಕಡಲಡಿಯ ಮರಳು, ಮರಳಿನೊಳಗಿನ ಅನಿಲ

ಕಡಲಿಗೆ ನಮ್ಮ ಹಿರಿಯರು ಕೊಟ್ಟ ಹೆಸರುಗಳಲ್ಲಿ ‘ರತ್ನಾಕರ’ ಎಂಬುದೊಂದು. ಅಮರಕೋಶವನ್ನು ಬಾಯಿಪಾಠ ಮಾಡಿದ ವಾಚಕರಿಗೆ ಇದು ಹೊಸದಲ್ಲ. ಮುತ್ತುಹವಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟ ಹೆಸರದು. ಕಡಲಡಿಯ ನೆಲದೊಳಗೆ ಉರಿಯುವ ಗಾಳಿಯೂ ಅಡಗಿದೆಯೆಂದು ಆ ಕಾಲದವರು ಎಣಿಸಿರಲಾರರು. ಕಾಕಿನಾಡದ ಎದುರಿನ ಬಂಗಾಳ ಕೊಲ್ಲಿಯಲ್ಲಿ ಆ ಅನಿಲವನ್ನು ಕಂಡದ್ದು, ತೆಗೆದದ್ದು, ಎಣಿಕೆ ತಪ್ಪಿದ್ದು, ಇವೆಲ್ಲವೂ ಇಪ್ಪತ್ತು ವರ್ಷಗಳೊಳಗೆ ನಡೆದುಹೋದುವು. ಆ ವೃತ್ತಾಂತವನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಮರಳಿನ ಮಾತು. ಘಟಪ್ರಭೆ, ಮಲಪ್ರಭೆ, ಭೀಮೆ, ತುಂಗಭದ್ರೆಗಳನ್ನು ಕೂಡಿಸಿಕೊಂಡು ಹರಿಯುವ ಕೃಷ್ಣೆ ಮತ್ತು ಅವಳ ನೆರೆಯ ಗೋದಾವರಿ ಲಕ್ಷಾಂತರ ವರ್ಷಗಳಿಂದ ಮಣ್ಣುಮರಳನ್ನು ಕಡಲಿಗೆ ಒಯ್ಯುತ್ತಿವೆ. ಮರಳು ದಡದ ಬಳಿಯಲ್ಲೇ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಜಾರಿ, ಕಡಲಡಿಯಲ್ಲಿಯೂ ಹೊಳೆಯಂತೆ ಅಂಕುಡೊಂಕಾದ ಕಾಲುವೆಗಳನ್ನು ಕೊರೆದುಕೊಂಡು ಅಲ್ಲಿ ತಂಗುತ್ತದೆ. ಮೇಲೆ ಜೇಡಿ ಮುಚ್ಚಿಕೊಳ್ಳುತ್ತದೆ. ಈ ಜೇಡಿಯೇ ಮುಚ್ಚಳ. ಅನಿಲವಿರುವುದು ಮರಳಿನ ಕಣಗಳ ಸಂದಿನಲ್ಲಿ. ಕೆಳಗೆ ಕೆರೆಯಂತೆ ಅನಿಲ ತುಂಬಿದೆಯೆಂದು ಭಾವಿಸಬೇಡಿ. ಒದ್ದೆ ಮರಳಿನಲ್ಲಿ ನೀರಿರುವಂತೆ ಅದು ಇದೆ.

1974ರಲ್ಲಿ ಬೊಂಬಾಯಿ ಹೈಯಲ್ಲಿ ಎಣ್ಣೆ ಸಿಕ್ಕಾಗ ಅಲ್ಲಿನ ನೀರಿನ ಆಳ ಸುಮಾರು 75 ಮೀಟರ್. ಕಾಲೂರಿ ನಿಲ್ಲುವ ಕಟ್ಟೆಯಿಂದಲೇ ಕೊರೆಯಬಹುದಾಗಿತ್ತು. ಗೋದಾವರಿಯ ಮುಖಜಭೂಮಿಯಲ್ಲಿ, ನರಸಾಪುರದ ಬಳಿ, 1978ರಲ್ಲಿ ಅನಿಲ ಕಂಡಿತು; ಅದು ನೆಲದ ಬಾವಿ. 1995ರಲ್ಲಿ ಪಾಸರ್ಲಪೂಡಿಯ ಬಾವಿಯೊಂದಕ್ಕೆ ಬೆಂಕಿ ಹತ್ತಿ ಎರಡು ತಿಂಗಳಿಗೂ ಮಿಕ್ಕಿ ಉರಿಯಿತು. ಆಳಗಡಲಿನ ಸರದಿ ಬಂದದ್ದು ಅನಂತರ. 2000ದಲ್ಲಿ ಸರ್ಕಾರವು ರಿಲಯನ್ಸ್ ಮತ್ತು ಕೆನಡಾದ ನಿಕೋ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. 2002ರಲ್ಲಿ ಅನಿಲ ಸಿಕ್ಕಿತು. ನೀರಿನ ಆಳ ಕೆಲವೆಡೆ ಸಾವಿರ ಮೀಟರಿಗೂ ಹೆಚ್ಚು.

ಸಾವಿರ ಮೀಟರೆಂದರೆ ಏನೆಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ನಾವು ದಡದಲ್ಲಿ ನಿಂತಾಗ ನಮ್ಮ ಮೇಲಿರುವ ಗಾಳಿಯ ಒತ್ತಡದ ನೂರರಷ್ಟು ಒತ್ತಡ ಅಲ್ಲಿದೆ. ಕತ್ತಲೆ, ಕೊರೆಯುವ ಚಳಿ. ಮುಳುಗುಗಾರನು ಅಲ್ಲಿ ಕೆಲಸ ಮಾಡಲಾರ. ಕಾಲೂರಲಾಗದ ಹಡಗು ತನ್ನ ಯಂತ್ರಗಳ ಬಲದಿಂದಲೇ ಒಂದೇ ಎಡೆಯಲ್ಲಿ ತೇಲುತ್ತ ಕೊರೆಯಬೇಕು. ಬಾವಿಯ ಬಾಯಿಗೆ ಕವಾಟಗಳ ಗೊಂಚಲೊಂದನ್ನು ಕಡಲ ತಳದಲ್ಲಿಯೇ ಕೂಡಿಸುತ್ತಾರೆ. ಅದಕ್ಕೆ ಕ್ರಿಸ್ಮಸ್ ಮರವೆಂದು ಹೆಸರು. ಅದನ್ನು ಕೂಡಿಸುವುದು, ತಿರುಗಿಸುವುದು ಮೇಲಿನಿಂದ ನಡೆಸುವ ಯಂತ್ರಮಾನವನ ಕೈ. ಕವಾಟಗಳಿಗೆ ವಿದ್ಯುತ್ತನ್ನೂ ಔಷಧಿಯನ್ನೂ ಒಯ್ಯುವ ಕೊಳವೆಯ ಕಟ್ಟಿಗೆ ಇಂಗ್ಲಿಷಿನಲ್ಲಿ ಹೊಕ್ಕುಳಬಳ್ಳಿ ಎಂಬರ್ಥದ ಹೆಸರಿದೆ. ಯಾರೋ ರಸಿಕರೇ ಇಟ್ಟಿರಬೇಕು. ಔಷಧಿ ಏಕೆಂದರೆ, ಆ ಚಳಿಯಲ್ಲಿ, ಆ ಒತ್ತಡದಲ್ಲಿ ಅನಿಲವೂ ನೀರೂ ಬೆರೆತು ಮಂಜುಗಡ್ಡೆಯಂತೆ ಗಟ್ಟಿಯಾಗಿ ಕೊಳವೆಯನ್ನೇ ಕಟ್ಟಿಬಿಡುತ್ತವೆ. ಗ್ಲೈಕಾಲ್ ಎಂಬ ದ್ರವವನ್ನು ಬೆರೆಸಿ ಇದನ್ನು ತಡೆಯುತ್ತಾರೆ.

ಇಷ್ಟನ್ನೆಲ್ಲ ಮನುಷ್ಯ ಸಾಧಿಸಿದ. ತಪ್ಪಿದ್ದು ಲೆಕ್ಕ. 2004ರ ಯೋಜನೆಯಲ್ಲಿ ದಿನಕ್ಕೆ 4 ಕೋಟಿ ಘನ ಮೀಟರ್ ಅನಿಲವೆಂದಿತ್ತು. 2006ರಲ್ಲಿ ಅದು 8 ಕೋಟಿಯಾಯಿತು. ಖರ್ಚಿನ ಅಂದಾಜು ಸುಮಾರು 240 ಕೋಟಿ ಡಾಲರುಗಳಿಂದ 880 ಕೋಟಿಗೆ ಏರಿತು. ಆ ಬಾವಿಗಳಿಂದ ಒಂದು ದಿನದ ಅನಿಲವೂ ಇನ್ನೂ ದಡ ಸೇರಿರಲಿಲ್ಲವೆಂಬುದನ್ನು ಗಮನಿಸಬೇಕು. 2009ರ ಏಪ್ರಿಲಿನಲ್ಲಿ ಅನಿಲ ಹರಿಯಿತು. ಕಾಕಿನಾಡದಿಂದ ಗುಜರಾತಿನ ಭರೂಚದವರೆಗೆ, ನಮ್ಮ ರಾಜ್ಯದ ನೆಲವನ್ನೂ ಹಾಯ್ದು, ಕೊಳವೆ ಹಾಕಿದ್ದರು. 2010ರಲ್ಲಿ ಉತ್ಪತ್ತಿ ದಿನಕ್ಕೆ 6 ಕೋಟಿ ಘನ ಮೀಟರಿನವರೆಗೆ ಏರಿತು. ಆಮೇಲೆ ಇಳಿದದ್ದು ಇಳಿದೇ ಹೋಯಿತು. 2013ರ ವೇಳೆಗೆ ಒಂದೂವರೆ ಕೋಟಿಯ ಆಸುಪಾಸು. ಇದನ್ನೇ ನಂಬಿ ಆಂಧ್ರದಲ್ಲಿ ಕಟ್ಟಿದ್ದ ವಿದ್ಯುತ್ ಸ್ಥಾವರಗಳು ಅನಿಲವಿಲ್ಲದೆ ಸುಮ್ಮನೆ ನಿಂತುವು.

ಕಾರಣವೇನು? ಒಪ್ಪಿದಷ್ಟು ಬಾವಿಗಳನ್ನು ತೋಡಲಿಲ್ಲವೆಂದು ಸರ್ಕಾರ. ಮರಳಿನ ಪದರಗಳು ಎಣಿಸಿದಂತೆ ಒಂದಕ್ಕೊಂದು ಕೂಡಿಲ್ಲ, ಬಾವಿಗಳಿಗೆ ನೀರೂ ಮರಳೂ ನುಗ್ಗುತ್ತಿವೆಯೆಂದು ಕಂಪನಿ. ಸುಮಾರು 10 ಲಕ್ಷ ಕೋಟಿ ಘನ ಅಡಿಯೆಂದಿದ್ದ ನಿಕ್ಷೇಪವನ್ನು ಅನಂತರ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಸಿದರು. 2011ರಲ್ಲಿ ಮಹಾಲೇಖಪಾಲರ ವರದಿಯೂ ಬಂದಿತು. ವ್ಯಾಜ್ಯ ಪಂಚಾಯಿತಿಗೆ ಹೋಯಿತು. ಅದರ ತೀರ್ಪು ಕೊಡುವ ಅಧಿಕಾರ ಪಂಡಿತನದಲ್ಲ. ಆದರೆ ಒಂದು ಮಾತು ಹೇಳಬಲ್ಲೆ: ಧ್ವನಿಯ ಅಲೆಗಳನ್ನು ಇಳಿಸಿ, ಮರುದನಿಯಿಂದ ಬರೆದ ನಕ್ಷೆಯಲ್ಲಿ ಮರಳು ಎಲ್ಲಿದೆಯೆಂಬುದು ಕಾಣುತ್ತದೆ, ಈ ಮರಳಿಗೂ ಆ ಮರಳಿಗೂ ನಡುವೆ ದಾರಿ ಇದೆಯೆ ಎಂಬುದು ಅಷ್ಟು ಸುಲಭವಾಗಿ ಕಾಣದು. ಬಾವಿಯನ್ನು ತೆರೆದು, ಒತ್ತಡ ಎಷ್ಟು ಬೇಗ ಕುಸಿಯುತ್ತದೆಂದು ನೋಡಿದಾಗಲೇ ಅದು ತಿಳಿಯುವುದು. ಅದಕ್ಕೆ ಮೊದಲೇ ಎರಡು ವರ್ಷದಲ್ಲಿ ಅಂಕಿ ಇಮ್ಮಡಿಯಾದಾಗ ಯಾರಾದರೂ ಒಮ್ಮೆ ತಡೆದು ಕೇಳಬೇಕಿತ್ತು.

2020ರ ಫೆಬ್ರವರಿಯಲ್ಲಿ ಆ ಮೊದಲ ಬಾವಿಗಳು ನಿಂತುವು. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಪ್ರದೇಶದಲ್ಲಿ, 2000 ಮೀಟರಿಗೂ ಆಳದ ನೀರಿನ ಕೆಳಗೆ ರಿಲಯನ್ಸ್ ಮತ್ತು ಬಿ.ಪಿ. ಕಂಪನಿಗಳು ಬೇರೊಂದು ನಿಕ್ಷೇಪವನ್ನು ತೆರೆದುವು. ಅದರ ಅನಿಲ ದಡಕ್ಕೆ ಬಂದದ್ದು ಹಿಂದೆ ಹಾಕಿದ್ದ ಏರ್ಪಾಡಿನ ಮೂಲಕವೇ, ಕಾಕಿನಾಡದ ಬಳಿಯ ಗಾಡಿಮೊಗದ ಸ್ಥಾವರಕ್ಕೆ.