ಮನೋವಿಜ್ಞಾನದ ಸ್ನಾತಕೋತ್ತರ ಶಿಕ್ಷಣ: ಪದವಿಯ ಆಯ್ಕೆಯ ಚಾರಿತ್ರಿಕ ಹಿನ್ನೆಲೆ

ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಬಯಸುವ ವಿದ್ಯಾರ್ಥಿಯ ಮುಂದೆ ಎಂ.ಎ., ಎಂ.ಎಸ್ಸಿ., ಚಿಕಿತ್ಸಾ ಮನೋವಿಜ್ಞಾನದ ವೃತ್ತಿಪರ ಪದವಿ ಎಂಬ ಭಿನ್ನ ಮಾರ್ಗಗಳಿವೆ. ಪಠ್ಯವಿಷಯಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಇವುಗಳ ನಡುವಣ ಅಂತರ ಅಲ್ಪವೆಂದು ತೋರಬಹುದು. ಆದರೆ ಒಂದು ಪದವಿ ಅಧ್ಯಾಪನ ಮತ್ತು ಸಂಶೋಧನೆಗಳತ್ತ ಕರೆದೊಯ್ದರೆ ಮತ್ತೊಂದು ರೋಗಿಯ ಸಮೀಪಕ್ಕೆ ಕರೆದೊಯ್ಯುತ್ತದೆ. ಒಂದರಿಂದ ಲಭಿಸುವ ಕಾನೂನುಬದ್ಧ ಅರ್ಹತೆ ಇನ್ನೊಂದರಿಂದ ಲಭಿಸುವುದಿಲ್ಲ. ಈ ಭೇದವು ಪಠ್ಯಕ್ರಮ ರಚನಾಕಾರರ ಆಕಸ್ಮಿಕ ಸೃಷ್ಟಿಯಲ್ಲ. ತತ್ತ್ವಶಾಸ್ತ್ರ ವಿಭಾಗ, ಪ್ರಯೋಗಾಲಯ ಮತ್ತು ಆಸ್ಪತ್ರೆ ಎಂಬ ಮೂರು ನೆಲೆಗಳಲ್ಲಿ ಬೆಳೆದ ಮೂರು ಪರಂಪರೆಗಳ ಗುರುತುಗಳು ಇಂದಿನ ಪದವಿಗಳಲ್ಲಿ ಉಳಿದುಕೊಂಡಿವೆ. ಮೈಸೂರು ಮತ್ತು ಬೆಂಗಳೂರು ಕೇಂದ್ರಗಳ ಚರಿತ್ರೆಯಲ್ಲಿ ಈ ಮೂರೂ ಸ್ಪಷ್ಟವಾಗಿ ಗೋಚರಿಸುತ್ತವೆ.

1. ತತ್ತ್ವಶಾಸ್ತ್ರದಿಂದ ಪ್ರಯೋಗಾಲಯಕ್ಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಒಂದು ಪತ್ರಿಕೆಯಾಗಿ ಬೋಧಿಸಲ್ಪಡುತ್ತಿತ್ತು. ಕಲ್ಕತ್ತ ವಿಶ್ವವಿದ್ಯಾನಿಲಯಕ್ಕಾಗಿ ಪ್ರಯೋಗಾತ್ಮಕ ಮನೋವಿಜ್ಞಾನದ ಪಠ್ಯಕ್ರಮವನ್ನು ಸಿದ್ಧಪಡಿಸಿದವರು ಬ್ರಜೇಂದ್ರನಾಥ ಸೀಲ್. 1916ರಲ್ಲಿ ಅಲ್ಲಿ ದೇಶದ ಮೊದಲ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದರ ಹೊಣೆ ಹೊತ್ತ ನರೇಂದ್ರನಾಥ ಸೇನ್‌ಗುಪ್ತ ಅವರು ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿದ್ದರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೂ ಅದೇ 1916ರಲ್ಲಿ. 1920ರ ದಶಕದಲ್ಲಿ ಸೀಲ್ ಅವರು ಮೈಸೂರಿನ ಕುಲಪತಿಗಳಾಗಿದ್ದುದರಿಂದ ಈ ಎರಡು ಕೇಂದ್ರಗಳ ನಡುವೆ ನೇರ ಸಂಬಂಧ ಏರ್ಪಟ್ಟಿತು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ರೂಪುಗೊಂಡಿತು, ಎಂ.ವಿ. ಗೋಪಾಲಸ್ವಾಮಿ ಅದರ ನೇತೃತ್ವ ವಹಿಸಿದರು.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ತರಬೇತಿ ಪಡೆದವರು. ಬುದ್ಧಿಶಕ್ತಿಯ ಮಾಪನ ಮತ್ತು ಅದರ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ ಆ ಪಂಥದ ಮುಖ್ಯ ಲಕ್ಷಣ. ಕಲ್ಕತ್ತದ ವಿಭಾಗವು ಜರ್ಮನ್ ಮೂಲದ ಪ್ರಯೋಗ ಪದ್ಧತಿಗೂ ಮುಂದೆ ಗಿರೀಂದ್ರಶೇಖರ ಬೋಸರ ಪ್ರಭಾವದಿಂದ ಮನೋವಿಶ್ಲೇಷಣೆಗೂ ಒಲಿದರೆ, ಮೈಸೂರು ವಿಭಾಗವು ಮಾನಸಿಕ ಪರೀಕ್ಷೆಗಳ ಬ್ರಿಟಿಷ್ ಮಾರ್ಗವನ್ನು ಅನುಸರಿಸಿತು. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೂ ಇಲ್ಲಿ ಪ್ರಯೋಗಾಲಯ ಸಜ್ಜಾಯಿತು. ಹೀಗಾಗಿ ಒಂದೇ ಹೆಸರಿನ ಶಾಸ್ತ್ರವನ್ನು ಎಲ್ಲಿ ಓದಬೇಕು ಎಂಬ ಪ್ರಶ್ನೆಯು ಆ ಕಾಲದಲ್ಲಿಯೇ ಯಾವ ಬಗೆಯ ಮನೋವಿಜ್ಞಾನವನ್ನು ಓದಬೇಕು ಎಂಬ ಪ್ರಶ್ನೆಯೂ ಆಗಿತ್ತು. ಮುಂದೆ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರು ಶಿಕ್ಷಣ, ಉದ್ಯೋಗ, ಆದಾಯಗಳನ್ನು ಆಧರಿಸಿ ರೂಪಿಸಿದ ಸಾಮಾಜಿಕ-ಆರ್ಥಿಕ ಅಂತಸ್ತಿನ ಮಾಪಕವು ಕಾಲಕಾಲಕ್ಕೆ ಪರಿಷ್ಕೃತವಾಗುತ್ತ ಇಂದಿಗೂ ಆರೋಗ್ಯ ಸಂಶೋಧನೆಗಳಲ್ಲಿ ಬಳಕೆಯಲ್ಲಿದೆ. ಮಾಪನ ಪರಂಪರೆಯ ಒಂದು ದೀರ್ಘಕಾಲೀನ ಫಲ ಇದು.

2. ಆಸ್ಪತ್ರೆಯ ಆವರಣದಲ್ಲಿ

ವಿಶ್ವವಿದ್ಯಾನಿಲಯದ ಪದವಿಯು ವಿಷಯಜ್ಞಾನವನ್ನು ನೀಡಿತಾದರೂ ರೋಗಿಯೊಡನೆ ಕೆಲಸ ಮಾಡುವ ಶಿಸ್ತನ್ನು ಕಲಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. 1946ರ ಭೋರ್ ಸಮಿತಿಯ ವರದಿಯು ಮಾನಸಿಕ ಆರೋಗ್ಯ ಕ್ಷೇತ್ರದ ಸಿಬ್ಬಂದಿಯ ತೀವ್ರ ಕೊರತೆಯನ್ನು ಎತ್ತಿ ತೋರಿಸಿತು. ಇದರ ಫಲವಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಎಂ.ವಿ. ಗೋವಿಂದಸ್ವಾಮಿ ಅದರ ಪ್ರಥಮ ನಿರ್ದೇಶಕರು. 1955ರಲ್ಲಿ ಮನೋವೈದ್ಯರಿಗಾಗಿ ಒಂದು ಡಿಪ್ಲೊಮಾವೂ ಮನೋವಿಜ್ಞಾನದ ಸ್ನಾತಕೋತ್ತರ ಪದವೀಧರರಿಗಾಗಿ ಮತ್ತೊಂದು ಡಿಪ್ಲೊಮಾವೂ ಅಲ್ಲಿ ಪ್ರಾರಂಭವಾದವು. ಎರಡನೆಯದು ಮುಂದೆ ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನದ ಡಿಪ್ಲೊಮಾ ಎಂದೂ 1970ರ ದಶಕದ ಕೊನೆಯ ಭಾಗದಲ್ಲಿ ಎಂ.ಫಿಲ್. ಎಂದೂ ಪರಿವರ್ತನೆಗೊಂಡಿತು. ಈ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ವಿಲೀನಗೊಂಡು ನಿಮ್ಹಾನ್ಸ್ ಆಯಿತು.

ಈ ವ್ಯವಸ್ಥೆಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಎಂ.ಎ. ಪದವಿಯು ಇಲ್ಲಿ ಗುರಿಯಾಗಿರದೆ ಪ್ರವೇಶದ ಮೆಟ್ಟಿಲಾಯಿತು. ಎರಡನೆಯದಾಗಿ, ಪಾಠಕ್ಕಿಂತ ಹಿರಿಯರ ಮೇಲ್ವಿಚಾರಣೆಯಲ್ಲಿ ನಡೆಯುವ ರೋಗಿ-ಪರಿಶೀಲನೆಯೇ ಶಿಕ್ಷಣದ ತಿರುಳಾಯಿತು. ಮೈಸೂರಿನ ಪದವೀಧರರೂ ಸಂಸ್ಕೃತ-ಕನ್ನಡ ವಿದ್ವಾಂಸರೂ ಆಗಿದ್ದ ಎಸ್.ಕೆ. ರಾಮಚಂದ್ರರಾಯರು ಈ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದುದು, ತತ್ತ್ವಶಾಸ್ತ್ರದ ಪರಂಪರೆಗೂ ಆಸ್ಪತ್ರೆಯ ಪರಂಪರೆಗೂ ನಡುವೆ ಸಂಪರ್ಕ ಪೂರ್ಣವಾಗಿ ಕಡಿದುಹೋಗಿರಲಿಲ್ಲ ಎಂಬುದಕ್ಕೆ ನಿದರ್ಶನ.

3. ಕಾನೂನಿನ ಪ್ರವೇಶ

ಪದವಿಗಳ ನಡುವಣ ಈ ವ್ಯತ್ಯಾಸವು ಬಹುಕಾಲ ರೂಢಿಯ ಮಟ್ಟದಲ್ಲಿತ್ತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮವು ಚಿಕಿತ್ಸಾ ಮನೋವಿಜ್ಞಾನಿಯನ್ನು ನೋಂದಾಯಿತ ವೃತ್ತಿಪರರ ಸಾಲಿಗೆ ಸೇರಿಸಿತು. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಆ ಪದಕ್ಕೆ ನಿಖರವಾದ ವ್ಯಾಖ್ಯೆಯನ್ನು ನೀಡಿ, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಾವಧಿಯ, ಮೇಲ್ವಿಚಾರಣೆಯುಳ್ಳ ತರಬೇತಿಯನ್ನು ಹೇಳಿತು. ಆ ವ್ಯಾಖ್ಯೆಯಲ್ಲಿ ಚಿಕಿತ್ಸಾ ಮನೋವಿಜ್ಞಾನದ ಜೊತೆಗೆ ‘ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನ’ ಎಂಬ ಹೆಸರೂ ಬಂದಿದೆ. ಬೆಂಗಳೂರಿನ ಒಂದು ಶಿಕ್ಷಣಕ್ರಮದ ಹೆಸರು ರಾಷ್ಟ್ರದ ಶಾಸನದಲ್ಲಿ ಹೀಗೆ ಉಳಿದುಕೊಂಡಿದೆ.

ಈ ನಡುವೆ ಉನ್ನತ ಶಿಕ್ಷಣದ ನೀತಿ ಬೇರೊಂದು ದಿಕ್ಕಿನಲ್ಲಿ ಚಲಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನು ನಿಲ್ಲಿಸಲು ಸೂಚಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಅದನ್ನು ಜಾರಿಗೆ ತಂದಿತು. ಇತರ ವಿಷಯಗಳಲ್ಲಿ ಎಂ.ಫಿಲ್. ಸಂಶೋಧನೆಯ ಒಂದು ಹಂತವಾಗಿತ್ತು. ಇಲ್ಲಿ ಮಾತ್ರ ಅದು ವೃತ್ತಿಗೆ ಪ್ರವೇಶದ್ವಾರವಾಗಿತ್ತು. ಈ ಭೇದವನ್ನು ಮನಗಂಡ ಆಯೋಗವು 2024ರಲ್ಲಿ ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ 2025-26ರ ಶೈಕ್ಷಣಿಕ ವರ್ಷದವರೆಗೆ ಮಾನ್ಯತೆಯನ್ನು ವಿಸ್ತರಿಸಿತು. 2025ರಲ್ಲಿ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮಗಳಲ್ಲಿ ಬೋಧಿಸುವುದನ್ನು ನಿಲ್ಲಿಸುವಂತೆಯೂ ಆಯೋಗ ಸೂಚಿಸಿತು. ಆಸ್ಪತ್ರೆಯ ಪರಂಪರೆ ಪ್ರತಿಪಾದಿಸಿದ ‘ಎದುರಿನಲ್ಲಿದ್ದು ಕಲಿಯಬೇಕು’ ಎಂಬ ತತ್ತ್ವ ಈ ಸೂಚನೆಯಿಂದ ಮತ್ತೊಮ್ಮೆ ಬಲಗೊಂಡಿತು. ಆದರೆ ಉದ್ಯೋಗದಲ್ಲಿದ್ದುಕೊಂಡು ಅಥವಾ ಗ್ರಾಮದಲ್ಲಿದ್ದುಕೊಂಡು ಈ ಶಾಸ್ತ್ರವನ್ನು ಓದುತ್ತಿದ್ದವರ ದಾರಿ ಅದರಿಂದ ಕಿರಿದಾಯಿತು ಎಂಬುದನ್ನೂ ಮರೆಯುವಂತಿಲ್ಲ.

4. ಭಾಷೆಯ ಪ್ರಶ್ನೆ

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಅಸ್ವಾಸ್ಥ್ಯಗಳಿಂದ ಬಳಲುವವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ತರಬೇತಿಯ ಸ್ಥಾನಗಳು ಮಿತವಾಗಿರುವಲ್ಲಿ ಪದವಿಯ ಆಯ್ಕೆಯು ವಿದ್ಯಾರ್ಥಿಯೊಬ್ಬನ ಖಾಸಗಿ ವಿಚಾರವಾಗಿ ಉಳಿಯುವುದಿಲ್ಲ. ಯಾರಿಗೆ ನೆರವು ದೊರೆಯುತ್ತದೆ ಎಂಬುದನ್ನೂ ಅದು ನಿರ್ಣಯಿಸುತ್ತದೆ. ರೋಗಿ ತನ್ನ ಸಂಕಟವನ್ನು ಹೇಳಿಕೊಳ್ಳುವುದು ತಾಯ್ನುಡಿಯಲ್ಲಿ. ಚಿಕಿತ್ಸಕನು ಕಲಿತ ಪರಿಭಾಷೆಯಾದರೋ ಬಹುಮಟ್ಟಿಗೆ ಇಂಗ್ಲಿಷಿನದು. ಇವೆರಡರ ನಡುವಣ ಅನುವಾದದ ಹೊಣೆಯನ್ನು ಪಠ್ಯಕ್ರಮಗಳು ಹೆಚ್ಚಾಗಿ ವಿದ್ಯಾರ್ಥಿಗೇ ಬಿಟ್ಟಿವೆ.

ಈ ಕಂದರವನ್ನು ತುಂಬುವ ಯತ್ನಗಳು ಕನ್ನಡದಲ್ಲಿ ನಡೆದದ್ದು ಬಹುಪಾಲು ಪದವಿ ಶಿಕ್ಷಣದ ಹೊರಗೆ. ವೈದ್ಯರೂ ‘ಕೊರವಂಜಿ’ಯ ಸಂಪಾದಕರೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿ ಸಮರ್ಥವಾಗಿ ನಿರೂಪಿಸಬಹುದೆಂಬುದು ಅದರಿಂದ ಸಿದ್ಧವಾಯಿತು. 1935ರಲ್ಲಿ ತಮ್ಮ ನಿವಾಸದಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ ಗೋಪಾಲಸ್ವಾಮಿಯವರು ವಿದ್ವತ್ತಿಗೂ ಜನತೆಗೂ ಇದ್ದ ದೂರವನ್ನು ಅರಿತವರಾಗಿದ್ದರು. ಅವರು ಸ್ಥಾಪಿಸಿದ ವಿಭಾಗದ ಶಾಸ್ತ್ರಕ್ಕೆ ಆ ಅರಿವು ಸಂಪೂರ್ಣವಾಗಿ ವಿಸ್ತರಿಸಲಿಲ್ಲ.

ಒಟ್ಟಿನಲ್ಲಿ, ಮನೋವಿಜ್ಞಾನದ ಪದವಿಯನ್ನು ಆರಿಸಿಕೊಳ್ಳುವುದೆಂದರೆ ಒಂದು ಪರಂಪರೆಯನ್ನು ಆರಿಸಿಕೊಳ್ಳುವುದೇ ಆಗಿದೆ. ಪದವಿಯ ಹೆಸರಿಗಿಂತ ಮೂರು ಸಂಗತಿಗಳು ನಿರ್ಣಾಯಕವೆಂದು ಈ ಚರಿತ್ರೆ ತಿಳಿಸುತ್ತದೆ: ತರಬೇತಿ ನಡೆಯುವ ನೆಲೆ, ಮೇಲ್ವಿಚಾರಣೆಯ ಸ್ವರೂಪ, ಶಾಸನವು ಆ ಪದವಿಗೆ ನೀಡಿರುವ ಮಾನ್ಯತೆ. ಇವುಗಳ ಜೊತೆಗೆ ರೋಗಿಯ ಭಾಷೆಯನ್ನು ನಾಲ್ಕನೆಯ ಸಂಗತಿಯಾಗಿ ಪಠ್ಯಕ್ರಮಗಳು ಅಂಗೀಕರಿಸಬೇಕಾಗಿದೆ. 1924ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಯದಲ್ಲಿ ಇನ್ನೂ ಪೂರೈಸದೆ ಉಳಿದಿರುವ ಭಾಗ ಇದು.