ಮ್ಯಾಶ್ ಧಾರಾವಾಹಿಯ ತೆರೆಮರೆಯ ಸಂಗತಿಗಳು ಮತ್ತು ನಿರಂತರತೆಯ ದೋಷಗಳು

ಮ್ಯಾಶ್ ಎಂಬುದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1972ರ ಸೆಪ್ಟೆಂಬರ್ 17ರಿಂದ 1983ರ ಫೆಬ್ರವರಿ 28ರವರೆಗೆ ಪ್ರಸಾರವಾದ ಹಾಸ್ಯ ಧಾರಾವಾಹಿ. ರಿಚರ್ಡ್ ಹೂಕರ್ ಅವರ 1968ರ ಕಾದಂಬರಿ ಹಾಗೂ ರಾಬರ್ಟ್ ಆಲ್ಟ್‌ಮನ್ ನಿರ್ದೇಶನದ 1970ರ ಚಲನಚಿತ್ರ ಇದಕ್ಕೆ ಆಧಾರ. ಕೊರಿಯಾ ಯುದ್ಧಕಾಲದ 4077ನೆಯ ಸಂಚಾರಿ ಸೇನಾ ಶಸ್ತ್ರಚಿಕಿತ್ಸಾ ಆಸ್ಪತ್ರೆಯ ವೈದ್ಯರು, ದಾದಿಯರು ಮತ್ತು ಸಿಬ್ಬಂದಿಯ ಬದುಕು ಇದರ ವಸ್ತು. 1950ರ ಜೂನ್ 25ರಂದು ಆರಂಭವಾದ ಆ ಯುದ್ಧ 1953ರ ಜುಲೈ 27ರ ಕದನವಿರಾಮದೊಂದಿಗೆ ನಿಂತಿತು. ಮೂರು ವರ್ಷಗಳ ಈ ಯುದ್ಧವನ್ನು ಧಾರಾವಾಹಿಯು ಹನ್ನೊಂದು ಸೀಸನ್‌ಗಳಿಗೆ ವಿಸ್ತರಿಸಿತು. ಅದರ ಕಾಲಗಣನೆಯ ಹಲವು ದೋಷಗಳಿಗೆ ಇದೇ ಮೂಲ.

ಕಾಲಗಣನೆಯ ದೋಷಗಳು

ನಾಲ್ಕನೆಯ ಸೀಸನ್‌ನಲ್ಲಿ ಕರ್ನಲ್ ಪಾಟರ್ (ಹ್ಯಾರಿ ಮಾರ್ಗನ್) 1952ರ ಸೆಪ್ಟೆಂಬರ್ 19ರಂದು ಆಸ್ಪತ್ರೆಯ ಮುಖ್ಯಸ್ಥನಾಗಿ ಬರುತ್ತಾನೆ. ಇದರ ಪ್ರಕಾರ ಯುದ್ಧ ಮುಗಿಯಲು ಉಳಿದಿರುವುದು ಹತ್ತು ತಿಂಗಳು ಮಾತ್ರ. ಆದರೆ ಪಾಟರ್ ಎಂಟು ಸೀಸನ್‌ಗಳ ಕಾಲ ಅಲ್ಲಿರುತ್ತಾನೆ. ಒಂಬತ್ತನೆಯ ಸೀಸನ್‌ನ ಒಂದು ಕಂತು 1950ರ ಕೊನೆಯ ದಿನದಿಂದ 1951ರ ಕೊನೆಯವರೆಗಿನ ಇಡೀ ವರ್ಷವನ್ನು ಚಿತ್ರಿಸುತ್ತದೆ. ಅದರಲ್ಲಿಯೂ ಪಾಟರ್ ಇದ್ದಾನೆ. ಅವನ ನಂತರ ಸೇರಿದ ವಿಂಚೆಸ್ಟರ್ ಕೂಡ ಇದ್ದಾನೆ.

ಸಲಕರಣೆಗಳಲ್ಲಿಯೂ ಇಂತಹ ತಪ್ಪುಗಳಿವೆ. ಒಂದು ಕಂತಿನಲ್ಲಿ ರೇಡಾರ್ ಅವೆಂಜರ್ಸ್ ಕಾಮಿಕ್ ಪುಸ್ತಕದೊಡನೆ ಮಲಗಿರುತ್ತಾನೆ. ಆ ಮಾಲಿಕೆ ಆರಂಭವಾದದ್ದು 1963ರಲ್ಲಿ.

ಪಾತ್ರಗಳ ವಿವರಗಳಲ್ಲಿನ ದೋಷಗಳು

* ನಾಯಕ ಹಾಕ್‌ಐ ಪಿಯರ್ಸ್ (ಆಲನ್ ಆಲ್ಡಾ) ಮೊದಲ ಸೀಸನ್‌ನಲ್ಲಿ ತಂದೆಗೆ ಬರೆಯುವ ಪತ್ರದಲ್ಲಿ ತಾಯಿ ಮತ್ತು ತಂಗಿಯನ್ನು ನೆನೆಯುತ್ತಾನೆ. ಊರು ವರ್ಮಾಂಟ್ ಎನ್ನಲಾಗಿದೆ. ಮುಂದೆ ಅವನು ಒಬ್ಬನೇ ಮಗ, ತಾಯಿ ಬಾಲ್ಯದಲ್ಲೇ ತೀರಿಕೊಂಡವಳು, ಊರು ಮೇನ್ ರಾಜ್ಯದ ಕ್ರಾಬ್‌ಆಪಲ್ ಕೋವ್.
* ಕರ್ನಲ್ ಹೆನ್ರಿ ಬ್ಲೇಕ್‌ನ ಪತ್ನಿಯ ಹೆಸರು ಆರಂಭದಲ್ಲಿ ಮಿಲ್ಡ್ರೆಡ್, ನಂತರ ಲೊರೇನ್. ಕೈಬಿಟ್ಟ ಮಿಲ್ಡ್ರೆಡ್ ಎಂಬ ಹೆಸರು ಮುಂದೆ ಪಾಟರ್‌ನ ಪತ್ನಿಗೆ ಬಂದಿತು.
* ಮೊದಲ ಸೀಸನ್‌ನಲ್ಲಿದ್ದ ವೈದ್ಯ ಜೋನ್ಸ್ (ಟಿಮೊತಿ ಬ್ರೌನ್) ಯಾವ ವಿವರಣೆಯೂ ಇಲ್ಲದೆ ಕಾಣೆಯಾಗುತ್ತಾನೆ.
* ಪಾಟರ್ ಆಗುವ ಮೊದಲು ಹ್ಯಾರಿ ಮಾರ್ಗನ್ 1974ರ ಒಂದು ಕಂತಿನಲ್ಲಿ ಬುದ್ಧಿಸ್ಥಿಮಿತ ತಪ್ಪಿದ ಜನರಲ್ ಸ್ಟೀಲ್ ಆಗಿ ನಟಿಸಿದ್ದರು. ಇಬ್ಬರ ಮುಖಸಾಮ್ಯವನ್ನು ಕಥೆಯಲ್ಲಿ ಯಾರೂ ಗಮನಿಸುವುದಿಲ್ಲ.

ತೆರೆಮರೆಯ ಸಂಗತಿಗಳು

ನಿರ್ಮಾಪಕರಾದ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಧ್ವನಿಮುದ್ರಿತ ನಗೆಯನ್ನು ವಿರೋಧಿಸಿದ್ದರು, ವಾಹಿನಿ ಒಪ್ಪಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸಾ ಕೊಠಡಿಯ ದೃಶ್ಯಗಳಲ್ಲಿ ನಗೆ ಇರಬಾರದೆಂಬ ಹೊಂದಾಣಿಕೆಯಾಯಿತು. ಬ್ರಿಟನ್ನಿನಲ್ಲಿ ಬಿಬಿಸಿ ನಗೆಯನ್ನು ತೆಗೆದೇ ಪ್ರಸಾರ ಮಾಡಿತು.

ಮೆಕ್ಲೀನ್ ಸ್ಟೀವನ್‌ಸನ್ ಧಾರಾವಾಹಿಯನ್ನು ತೊರೆದಾಗ ಅವರ ಪಾತ್ರವಾದ ಹೆನ್ರಿ ಬ್ಲೇಕ್‌ನನ್ನು ಊರಿಗೆ ಕಳುಹಿಸುವ ಕಂತನ್ನು ಬರೆಯಲಾಯಿತು. ಬ್ಲೇಕ್‌ನ ವಿಮಾನ ಉರುಳಿ ಅವನು ಸತ್ತನೆಂದು ತಿಳಿಸುವ ಕೊನೆಯ ಪುಟವನ್ನು ಹೆಚ್ಚಿನ ಕಲಾವಿದರಿಂದ ಮುಚ್ಚಿಟ್ಟು, ಉಳಿದ ದೃಶ್ಯಗಳ ಚಿತ್ರೀಕರಣ ಮುಗಿದ ಮೇಲೆ ಕೊಡಲಾಯಿತು. 1975ರ ಮಾರ್ಚ್ 18ರಂದು ಪ್ರಸಾರವಾದ ಈ ಕಂತಿಗೆ ಅನೇಕ ವೀಕ್ಷಕರು ಪತ್ರ ಬರೆದು ಪ್ರತಿಭಟಿಸಿದರು. ಯುದ್ಧದಲ್ಲಿ ಪ್ರೀತಿಪಾತ್ರರೂ ಸಾಯುತ್ತಾರೆ ಎಂಬುದನ್ನು ತೋರಿಸುವುದು ನಿರ್ಮಾಪಕರ ಉದ್ದೇಶವಾಗಿತ್ತು. ಅದೇ ಸೀಸನ್ನಿನ ನಂತರ ಹೊರನಡೆದ ವೇಯ್ನ್ ರೋಜರ್ಸ್ ಅವರ ಪಾತ್ರ ಟ್ರ್ಯಾಪರ್‌ಗೆ ಬೀಳ್ಕೊಡುಗೆಯ ದೃಶ್ಯವೇ ಇಲ್ಲ.

ರೇಡಾರ್ ಪಾತ್ರಧಾರಿ ಗ್ಯಾರಿ ಬರ್ಗಾಫ್ ಅವರ ಎಡಗೈಯ ಕೆಲವು ಬೆರಳುಗಳು ಹುಟ್ಟಿನಿಂದಲೇ ಚಿಕ್ಕವು. ಕ್ಲಿಪ್‌ಬೋರ್ಡ್ ಮುಂತಾದ ವಸ್ತುಗಳಿಂದ ಅವನ್ನು ಮರೆಮಾಡಲಾಗುತ್ತಿತ್ತು. ಪಾಟರ್‌ನ ಮೇಜಿನ ಮೇಲಿದ್ದ ಪತ್ನಿಯ ಚಿತ್ರ ಮಾರ್ಗನ್ ಅವರ ನಿಜವಾದ ಪತ್ನಿಯದು. ಕ್ಲಿಂಗರ್ ಪಾತ್ರಧಾರಿ ಜೇಮಿ ಫಾರ್ ಧರಿಸುತ್ತಿದ್ದ ಸೈನಿಕ ಗುರುತುಬಿಲ್ಲೆಗಳು ಅವರ ಸ್ವಂತ ಸೇನಾಸೇವೆಯ ಕಾಲದವು.

ಹೊರಾಂಗಣ ದೃಶ್ಯಗಳ ಚಿತ್ರೀಕರಣ ನಡೆಯುತ್ತಿದ್ದುದು ಕ್ಯಾಲಿಫೋರ್ನಿಯಾದ ಮಾಲಿಬು ಕ್ರೀಕ್ ಪ್ರದೇಶದಲ್ಲಿ. 1982ರ ಅಕ್ಟೋಬರ್‌ನ ಕಾಳ್ಗಿಚ್ಚಿನಲ್ಲಿ ಅಲ್ಲಿನ ಸೆಟ್‌ನ ಬಹುಭಾಗ ಸುಟ್ಟುಹೋಯಿತು. ಆಲ್ಡಾ ನಿರ್ದೇಶಿಸಿದ ಅಂತಿಮ ಕಂತಿನ ಕಥೆಯಲ್ಲಿ ಈ ಬೆಂಕಿಯನ್ನೂ ಸೇರಿಸಿಕೊಳ್ಳಲಾಯಿತು.

ವಾಸ್ತವಿಕತೆ

ದಿನಾಂಕಗಳಲ್ಲಿ ಸಡಿಲವಾಗಿದ್ದರೂ ವೈದ್ಯರ ಅನುಭವಗಳ ವಿಷಯದಲ್ಲಿ ಧಾರಾವಾಹಿ ಎಚ್ಚರ ವಹಿಸಿತ್ತು. ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಕೊರಿಯಾದಲ್ಲಿ ಸೇವೆ ಸಲ್ಲಿಸಿದ್ದ ವೈದ್ಯರನ್ನು ಸಂದರ್ಶಿಸಿ ಅವರ ನೆನಪುಗಳನ್ನು ಕಥೆಗಳಿಗೆ ಬಳಸಿಕೊಂಡರು. 1976ರ ಕಪ್ಪು-ಬಿಳುಪು ಸಂದರ್ಶನ ಕಂತಿನಲ್ಲಿ ಪಾದ್ರಿ ಮಲ್ಕೇಹಿ, ಚಳಿಯಲ್ಲಿ ವೈದ್ಯರು ರೋಗಿಯ ತೆರೆದ ಗಾಯದಿಂದೇಳುವ ಹಬೆಯಲ್ಲಿ ಕೈ ಕಾಯಿಸಿಕೊಳ್ಳುವುದನ್ನು ವಿವರಿಸುತ್ತಾನೆ. ಇದು ಅಂತಹ ನೆನಪುಗಳಿಂದ ಬಂದ ವಿವರ. ಅಂತಿಮ ಕಂತನ್ನು ಅಮೆರಿಕದಲ್ಲಿ ಸುಮಾರು 10.6 ಕೋಟಿ ಜನರು ವೀಕ್ಷಿಸಿದರು.